ಎರವಲು ತಂದ ಉಸಿರು

ಬರೆದುಕೊಳ್ಳುತ್ತಿದ್ದಾನೆ, ಬಲೆ ಹೆಣೆಯುವ ಆ ಮುದುಕ, ಅಂಗೈಯ ಮೇಲೆ ನೀಲಿ ಪೆನ್ನಿನಲ್ಲಿ, ಸಾಹೇಬರ ಕಾರಿನ ನಂಬರನ್ನು, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು, ಕಾರು ಇನ್ನೂ ಸರಿಯಾಗಿ ನಿಂತಿಲ್ಲ, ಅದು ಎಬ್ಬಿಸಿದ ಧೂಳು ಇನ್ನೂ ನೆಲಕ್ಕೆ ಇಳಿದಿಲ್ಲ, ಪಕ್ಕದವಳು ಅವನ ಅಂಗೈ ನೋಡಿ ತನ್ನ ಅಂಗೈಗೆ ಇಳಿಸಿಕೊಳ್ಳುತ್ತಿದ್ದಾಳೆ, ಅವಳಿಂದ ಇನ್ನೊಬ್ಬಳು, ಹೀಗೆ ಶಾಮಿಯಾನದ ಒಂದು ಸಾಲು ಪೂರ್ತಿ, ಮಧ್ಯಾಹ್ನದ ಹೊತ್ತಿಗೆ ಇವರೆಲ್ಲ ನನ್ನ ಲಾಟರಿ ಗೂಡಂಗಡಿಯ ಮುಂದೆ ಅಂಗೈ ಚಾಚಿಕೊಂಡು ನಿಲ್ಲುತ್ತಾರೆ, ನಾನು ಆ ಅಂಗೈಗಳನ್ನು ಓದಿ ಯಂತ್ರದಲ್ಲಿ ಒತ್ತಬೇಕು, ಹತ್ತೊಂಬತ್ತು ವರ್ಷದಿಂದ ಓದುತ್ತಿದ್ದೇನೆ, ಬೆವರಿಗೆ ಅಳಿಸಿದ ಅಂಕಿ, ಮೀನಿನ ಹುರುಪೆ ಅಂಟಿಕೊಂಡ ಅಂಕಿ, ಕನಸಿನಲ್ಲಿ ಕಂಡದ್ದು, ಮಗು ಹುಟ್ಟಿದ ಗಂಟೆ, ಮುಳುಗಿದ ದೋಣಿಯಲ್ಲಿ ಎಷ್ಟು ಜನ ಇದ್ದರು ಎಂಬುದು, ಒಂದರಿಂದ ತೊಂಬತ್ತರ ಒಳಗೆ ಏನು ಬೇಕಾದರೂ, ಈ ಊರಿನಲ್ಲಿ ಏನಾದರೂ ನಡೆದರೆ ಅದು ಮೊದಲು ಅಂಕಿಯಾಗುತ್ತದೆ, ದುಃಖವೋ ಸಂತೋಷವೋ ಆಗುವುದು ಆಮೇಲೆ. ಕಾರಿನಿಂದ ಇಳಿದವರು ಲಾಟರಿಯ ದೊಡ್ಡ ಸಾಹೇಬರು, ಅಂಪೊನ್ಸಾ ಅಂತ ಹೆಸರು, ರಾಜಧಾನಿ ಅಕ್ರಾದಿಂದ ಬಂದಿದ್ದಾರೆ, ಅಂಗಿಯ ಇಸ್ತ್ರಿಯ ಗೆರೆ ಒಂದೂ ಮುರಿದಿಲ್ಲ, ಅಷ್ಟು ದೂರದ ದಾರಿಯಲ್ಲಿ ಬೆನ್ನು ಒರಗಿಸದೆ ಕೂತಿದ್ದರೋ ಏನೋ, ನನ್ನ ಕಡೆಗೇ ಎರಡೂ ಕೈ ಮುಂದೆ ಮಾಡಿಕೊಂಡು ಬರುತ್ತಿದ್ದಾರೆ, ಏಳು, ನ್ಸೊವಾ, ಎದ್ದು ನಿಲ್ಲು, ಎದೆಯ ಮೇಲೆ ಅಡ್ಡಪಟ್ಟಿ ಹಾಕಿದ್ದಾರಲ್ಲ ನಿನಗೆ, ಜಿಲ್ಲೆಯಲ್ಲೇ ಅತಿ ಹೆಚ್ಚು ಚೀಟಿ ಮಾರಿದವಳು ಅಂತ, ಇವತ್ತು ಈ ಹೊಸ ಹೆರಿಗೆ ವಾರ್ಡಿನ ರಿಬ್ಬನ್ ಕತ್ತರಿಸುವವಳು ನೀನು, ಲಾಟರಿಯ ದುಡ್ಡಿನಿಂದ ಎದ್ದ ವಾರ್ಡು, ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅದನ್ನೇ ಬರೆದಿದ್ದಾರೆ, ಫೋಟೋದವನು ಬಂದ, ನಗು. ನಗುವುದಿಲ್ಲ. ಒಳಗಿರುವ ಆ ಆಕ್ಸಿಜನ್ ಸಿಲಿಂಡರ್ ಇಲ್ಲೇ ಉಳಿಯುತ್ತದೆ ಎಂದು ಯಾರಾದರೂ ನನ್ನ ಮುಖ ನೋಡಿ ಹೇಳುವ ತನಕ ನಗುವುದಿಲ್ಲ.

ನಿನ್ನೆ ಸಂಜೆ ನಾನು ಇಲ್ಲಿ ಕಸ ಗುಡಿಸಲು ಬರದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಚರ್ಚಿನ ಹೆಂಗಸರೆಲ್ಲ ಪೊರಕೆ ಹಿಡಿದು ಬಂದಿದ್ದೆವು, ಬಣ್ಣದ ವಾಸನೆ, ಸುಣ್ಣದ ಚಿಪ್ಪು, ನಾಲ್ಕು ಹಾಸಿಗೆ, ಹಾಸಿಗೆಗಳ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ, ಮೂಲೆಯಲ್ಲಿ ಅದು ನಿಂತಿತ್ತು, ನನ್ನ ಭುಜದೆತ್ತರ, ಕಪ್ಪು ಮೈ, ಬಿಳಿ ಕತ್ತು, ನಾನು ಪೊರಕೆ ಬಿಟ್ಟು ಹೋಗಿ ಅದರ ಮೇಲೆ ಕೈ ಇಟ್ಟೆ, ತಣ್ಣಗಿತ್ತು, ತುಂಬಿದ ಬಿಂದಿಗೆಯ ಹಾಗೆ ತಣ್ಣಗೆ, ಬೆರಳಿಗೆ ಬಣ್ಣ ಅಂಟಿತು, ಇನ್ನೂ ಹಸಿ, ಯಾಕೆ ಹಸಿ, ಇಷ್ಟು ದೊಡ್ಡ ಕಬ್ಬಿಣಕ್ಕೆ ಹೊಟ್ಟೆಯ ಹತ್ತಿರ ಒಂದು ಅಂಗೈಯಗಲ ಮಾತ್ರ ಯಾಕೆ ಹೊಸ ಬಣ್ಣ, ಉಗುರಿನಿಂದ ಕೆರೆದೆ, ಒಂದು ಅಕ್ಷರ ಬಂತು, ಇನ್ನೊಂದು ಬಂತು, ಜಿಲ್ಲಾ ಆಸ್ಪತ್ರೆಯ ಹೆಸರು ಮುಳುಗಿದವನು ತಲೆ ಎತ್ತಿದ ಹಾಗೆ ಒಂದೊಂದೇ ಅಕ್ಷರವಾಗಿ ಮೇಲೆ ಬಂತು. ಸೂಲಗಿತ್ತಿ ನರ್ಸ್, ಸಿಸ್ಟರ್ ಫೆಲಿಸಿಟಿ, ಕಿಟಕಿಗೆ ಪರದೆ ಹಾಕುತ್ತಿದ್ದಳು, ಕೇಳಿದೆ, ಇದು ಯಾರದು, ಅವಳು ತಿರುಗಲಿಲ್ಲ, ಪರದೆಯ ಉಂಗುರ ಎಣಿಸುವವಳ ಹಾಗೆ ನಿಂತಳು, ನಾಳೆಗೆ ಅಂತ ಕೇಳಿ ತಂದಿದ್ದಾರೆ ನ್ಸೊವಾ ಅಕ್ಕ, ಫೋಟೋದಲ್ಲಿ ಮೂಲೆ ಖಾಲಿ ಕಾಣಬಾರದು ಅಂತ, ಊಟ ಆದಮೇಲೆ ವ್ಯಾನು ಬಂದು ತಗೊಂಡು ಹೋಗುತ್ತೆ, ನಮ್ಮದು ಬರುತ್ತೆ ಅಂದಿದ್ದಾರೆ. ಯಾವಾಗ ಬರುತ್ತೆ? ಅವಳು ಒಂದು ಹಾಸಿಗೆಯ ಹೊದಿಕೆ ಎಳೆದು ಸರಿಮಾಡಿದಳು, ಅದು ಸರಿಯಾಗೇ ಇತ್ತು. ಬಂದಾಗ ಬರುತ್ತೆ ಅಕ್ಕ. ಯಾರಿಗೂ ಹೇಳಬೇಡ, ನನಗೆ ಈ ಕೆಲಸ ಸಿಕ್ಕಿ ಇನ್ನೂ ನಾಲ್ಕು ತಿಂಗಳು. ನಾನು ಅವಳ ಬೆನ್ನು ನೋಡುತ್ತಾ ನಿಂತೆ, ಬಡಪಾಯಿ ಬೆನ್ನು, ಅದರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ, ಸಿಟ್ಟಿಗೆ ಇನ್ನೂ ದೊಡ್ಡ ಬೆನ್ನು ಬೇಕು, ಗೋಡೆಯಷ್ಟು ದೊಡ್ಡದು, ಇದೇ ಮೂಲೆಯನ್ನು ನೋಡಿ ಹೋಗಿದ್ದಾಳೆ ಡೋರ್ಕಾಸ್, ನನ್ನ ಚಿಕ್ಕ ಮಗಳು, ಎಂಟು ತಿಂಗಳ ಬಸುರಿ, ಸಿಸ್ಟರ್ ಹತ್ತಿರ ಹೇಳಿದ್ದಾಳಂತೆ, ನಾನು ಕೇಪ್ ಕೋಸ್ಟಿನ ದೊಡ್ಡ ಆಸ್ಪತ್ರೆಗೆ ಹೋಗೋದಿಲ್ಲ, ಇಲ್ಲೇ ಹೆರುತ್ತೀನಿ, ಈಗ ಇಲ್ಲಿ ಅದು ಇದೆಯಲ್ಲ ಅಂತ, ನನಗೆ ನೇರವಾಗಿ ಹೇಳಲಿಲ್ಲ, ಹೇಳುವುದಿಲ್ಲ, ಅವಳು ನನ್ನ ಹತ್ತಿರ ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು.

ಮೈಕು ಕೂಗಿತು, ಯಾರೋ ಬಡಿದು ಸುಮ್ಮನಾಗಿಸಿದರು, ಸಾಹೇಬರು ಮಾತಾಡುತ್ತಿದ್ದಾರೆ, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ಆಗಲೇ, ಕಾರಿನ ಹತ್ತಿರ ಕೈ ಹಿಡಿದುಕೊಂಡರಲ್ಲ, ಆಗಲೇ ಹೇಳಿದೆ ನಾನು, ಸಾಹೇಬರೇ, ಒಳಗಿರೋ ಸಿಲಿಂಡರ್ ನಮ್ಮದಲ್ಲ, ಎರವಲು ತಂದಿದ್ದು, ಅದು ಇಲ್ಲೇ ಇರೋ ಹಾಗೆ ಒಂದು ಮಾತು ಹೇಳಿ. ಅವರು ನನ್ನ ಕೈ ಬಿಡಲಿಲ್ಲ, ಫೋಟೋದವನು ಇನ್ನೂ ತೆಗೆಯುತ್ತಿದ್ದ, ನಗುತ್ತಲೇ ಹೇಳಿದರು, ತುಟಿ ಅಲುಗದ ಹಾಗೆ, ತಾಯಿ, ನಾವು ಗೋಡೆ ಕಟ್ಟಿಸೋರು, ಗೋಡೆಯ ಒಳಗಿನದು ಆರೋಗ್ಯ ಇಲಾಖೆಯವರದು, ನಾನು ಅವರ ಮನೆಗೆ ಕೈ ಹಾಕೋದಕ್ಕೆ ಆಗುತ್ತಾ, ನೀವೇ ಹೇಳಿ. ನಾನು ಏನು ಹೇಳಲಿ, ಗೋಡೆಯ ಒಳಗೆ ಉಸಿರು ಇಲ್ಲದಿದ್ದರೆ ಅದನ್ನು ನಮ್ಮ ಕಡೆ ಬೇರೆ ಹೆಸರಿನಿಂದ ಕರೆಯುತ್ತೇವೆ, ಸಿಮೆಂಟಿನದೇ ಮಾಡುತ್ತೇವೆ, ಚರ್ಚಿನ ಹಿಂದೆ ಸಾಲು ಸಾಲಾಗಿವೆ, ಬಂದು ನೋಡಿ. ಹೇಳಲಿಲ್ಲ. ಹೇಳಬೇಕಾದಾಗ ನನ್ನ ಬಾಯಿ ಯಾವಾಗಲೂ ಒಣಗುತ್ತದೆ, ಆಮೇಲೆ ತಲೆಯ ಒಳಗೆ ಇಡೀ ದಿನ ಮಾತಾಡುತ್ತೇನೆ. ಲೋಕದ ಎಲ್ಲ ಕಡೆ ಹೀಗೇ ಅಂತೆ, ಸಾಹೇಬರು ಹೇಳುತ್ತಿದ್ದಾರೆ, ಇಂಗ್ಲೆಂಡಿನಲ್ಲಿ ದೊಡ್ಡ ವಸ್ತುಸಂಗ್ರಹಾಲಯ ಎದ್ದದ್ದು ಲಾಟರಿಯಿಂದ, ಹೊಳೆಯ ಮೇಲೆ ಸೇತುವೆ ಲಾಟರಿಯಿಂದ, ಅಮೆರಿಕದ ಹಳೆಯ ಕಾಲೇಜುಗಳ ಗೋಡೆಯಲ್ಲಿ ಲಾಟರಿಯ ಇಟ್ಟಿಗೆ ಇದೆ, ತೆರಿಗೆ ಅಂದರೆ ಜನ ಮುಖ ಸಿಂಡರಿಸುತ್ತಾರೆ, ಚೀಟಿ ಅಂದರೆ ನಗುತ್ತಾ ಕೊಡುತ್ತಾರೆ, ಯಾರ ಕೈಯನ್ನೂ ಯಾರೂ ತಿರುಚಿಲ್ಲ, ಇದು ಪ್ರೀತಿಯಿಂದ ಕೊಟ್ಟ ದುಡ್ಡು. ಪ್ರೀತಿಯಿಂದ. ಮೀನು ಹೊಗೆಗೆ ಹಾಕುವ ಹೆಂಗಸರ ಕಣ್ಣು ನೋಡಿದ್ದೀರಾ ಸಾಹೇಬರೇ, ಹೊಗೆಯಲ್ಲಿ ಬೆಂದು ಕೆಂಪಗಾದ ಕಣ್ಣು, ಆ ಕಣ್ಣು ಒರೆಸಿಕೊಂಡು ಬಂದು ಸೊಂಟದ ಗಂಟಿನಿಂದ ಮುದುರಿದ ನೋಟು ತೆಗೆಯುತ್ತಾರೆ, ಅದು ಬೆಳಗಿನ ಕೆಂಕಿಗೆ, ಜೋಳದ ಹಿಟ್ಟಿನ ಉಂಡೆಗೆ ಅಂತ ಇಟ್ಟದ್ದು, ಮಕ್ಕಳ ಹೊಟ್ಟೆಯದು, ನನಗೆ ಗೊತ್ತು, ಅವರಿಗೂ ಗೊತ್ತು ನನಗೆ ಗೊತ್ತೆಂದು, ಯಂತ್ರ ಚೀಟಿಯನ್ನು ಉಗುಳುತ್ತದೆ, ಶುಕ್ರವಾರದಿಂದ ಶನಿವಾರಕ್ಕೆ ಅವರು ಶ್ರೀಮಂತರು, ಶನಿವಾರ ಸಂಜೆ ಲಾಟರಿಯ ಅಂಕಿ ಬರೆದ ಐದು ಚೆಂಡು ಉರುಳಿದ ಮೇಲೆ ಮತ್ತೆ ಅದೇ ಹೊಗೆ. ಅಮೆರಿಕದ ಕಾಲೇಜಿನ ಇಟ್ಟಿಗೆಯಲ್ಲಿ ಯಾರ ಕೆಂಕಿ ಇತ್ತು, ಅದನ್ನು ಯಾರೂ ಬರೆದಿಡಲಿಲ್ಲವೇ, ಇಂಗ್ಲೆಂಡಿನ ಸೇತುವೆಯ ಕೆಳಗೆ ಯಾವ ನ್ಸೊವಾ ಗೂಡಂಗಡಿ ಹಾಕಿಕೊಂಡು ಕೂತಿದ್ದಳು. ಮುದುಕರು ತಲೆಯಾಡಿಸುತ್ತಿದ್ದಾರೆ, ಒಳ್ಳೆಯ ಮಾತು, ಒಳ್ಳೆಯ ಮಾತು. ಪಕ್ಕದಲ್ಲಿ ನನ್ನ ತಮ್ಮ ಫೀಫಿ, ಇವತ್ತಿಗೆ ಅಂತ ಹೊಸ ಬೂಟು ಹಾಕಿದ್ದಾನೆ, ಮೊಣಕೈಯಿಂದ ತಿವಿಯುತ್ತಾನೆ, ಅಕ್ಕಾ, ಮುಖ ಸ್ವಲ್ಪ ಬಿಡಿಸು, ಸಾಲದವನ ಎದುರು ಕೂತ ಹಾಗೆ ಕೂತಿದ್ದೀಯ.

ಈ ಅಡ್ಡಪಟ್ಟಿ ಹೇಗೆ ಬಂತು ಅಂತ ಇವರಿಗೆ ಗೊತ್ತಿಲ್ಲವೇ, ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ನನ್ನ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ನನ್ನ ದೊಡ್ಡ ಮಗಳು ಟೆಕ್ಯಿವಾ, ಹಳೆಯ ಔಷಧಾಲಯ ಇಲ್ಲೇ ಇತ್ತು, ಈ ವಾರ್ಡಿನ ಜಾಗದಲ್ಲೇ, ತಗಡಿನ ಚಾವಣಿ, ತುಂಬು ಬಸುರಿ ಅವಳನ್ನು ಏಳನೇ ಹಾಸಿಗೆಗೆ ಹಾಕಿದ್ದರು, ಮೈ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು, ಹಲ್ಲು ಕಚ್ಚಿ, ಆಮೇಲೆ ಸಡಿಲ, ಆಮೇಲೆ ಮತ್ತೆ, ಆಗಿದ್ದ ನರ್ಸ್ ಮೂಲೆಯಿಂದ ಸಿಲಿಂಡರ್ ಎಳೆದುಕೊಂಡು ಬಂದಳು, ನಳಿಗೆ ಮೂಗಿಗೆ ಇಟ್ಟಳು, ತಿರುಗಿಸಿದಳು, ಏನೂ ಇಲ್ಲ, ಮತ್ತೆ ತಿರುಗಿಸಿದಳು, ಬೆರಳಿನಿಂದ ಹೊಟ್ಟೆ ತಟ್ಟಿ ನೋಡಿದಳು, ಟಣ್ ಅಂತ ಖಾಲಿ ಡಬ್ಬಿಯ ಸದ್ದು, ಅದರ ಮೇಲೆ ಮೂವತ್ತೆಂಟು ಅಂತ ಬರೆದಿತ್ತು, ಟ್ಯಾಕ್ಸಿ ಬರುವ ಹೊತ್ತಿಗೆ ನನ್ನ ಮಗಳ ತುಟಿ ಮಸಿಯ ಬಣ್ಣಕ್ಕೆ ತಿರುಗಿತ್ತು, ಮಗು ಒಳಗೇ ಉಳಿಯಿತು. ಇಪ್ಪತ್ತಾರು ವರ್ಷ ಅವಳಿಗೆ. ಮಣ್ಣು ಮಾಡಿದ್ದು ಶನಿವಾರ, ಕೆಂಪು ಕಪ್ಪು ಬಟ್ಟೆ ಉಟ್ಟು ಊರೇ ಬಂದಿತ್ತು, ಅತ್ತರು, ನಿಜವಾಗಿ ಅತ್ತರು, ಅದನ್ನು ಅಲ್ಲಗಳೆಯುವುದಿಲ್ಲ, ಅಳುತ್ತಲೇ ಚರ್ಚಿನ ಹಲಗೆಯ ಮೇಲಿನ ಹಾಡಿನ ನಂಬರನ್ನು ಕಣ್ಣಿನಿಂದ ಎತ್ತಿಕೊಂಡರು, ಶವಪೆಟ್ಟಿಗೆಯ ಮೇಲೆ ಬರೆದ ವಯಸ್ಸನ್ನು ಎತ್ತಿಕೊಂಡರು, ಯಾವ ಹಾಸಿಗೆಯಲ್ಲಿ ಹೋದಳು ತಾಯಿ, ನನ್ನ ಕಿವಿಯಲ್ಲೇ ಕೇಳಿದಳು ಒಬ್ಬಳು, ನನ್ನ ಭುಜ ಸವರುತ್ತಾ, ಯಾವ ಹಾಸಿಗೆ, ನಾನು ಏಳು ಅಂದೆ, ಯಾಕೆ ಕೇಳಿದಳು ಅಂತ ಆಗ ಹೊಳೆಯಲಿಲ್ಲ, ಅಷ್ಟು ವರ್ಷ ಅದೇ ಕೆಲಸ ಮಾಡಿದವಳಿಗೆ ಹೊಳೆಯಲಿಲ್ಲ. ಆ ಖಾಲಿ ಸಿಲಿಂಡರಿನ ನಂಬರನ್ನೂ ಯಾರೋ ಹೊರಗೆ ಹಾಕಿದರು. ಸಂಜೆ ಚೆಂಡು ಉರುಳಿದವು, ಏಳು, ಇಪ್ಪತ್ತಾರು, ಮೂವತ್ತೆಂಟು, ಮೂರು ಅವಳವು, ಉಳಿದ ಎರಡು ಯಾರವೋ. ಆ ವಾರ ನಮ್ಮ ಊರಿನಲ್ಲಿ ಎಷ್ಟು ಮನೆಯ ತಗಡು ಹೊಸದಾಯಿತು, ಭಾನುವಾರ ಬೆಳಿಗ್ಗೆ, ನಾನು ಬಿಳಿ ಬಟ್ಟೆ ಉಟ್ಟು ಕೂತಿದ್ದೇನೆ, ಬರತೊಡಗಿದರು, ಒಬ್ಬೊಬ್ಬರೇ, ಹೊಗೆ ಹಾಕಿದ ಮೀನಿನ ಬುಟ್ಟಿ, ಒಂದು ಕೋಳಿ, ಒಂದು ಬಾಟಲಿ, ಹೊಸ ಬಟ್ಟೆಯ ತಾನು, ನನ್ನ ಮುಂದೆ ಇಟ್ಟು ಮಂಡಿಯೂರಿ, ನಿಮ್ಮ ಮಗಳು ಎಷ್ಟು ಒಳ್ಳೆಯವಳಮ್ಮಾ, ಹೋಗ್ತಾ ನಮಗೆ ಕೊಟ್ಟು ಹೋದಳು. ಕೋಳಿಯ ಕಾಲು ಕಟ್ಟಿತ್ತು, ಅದು ನನ್ನನ್ನೇ ನೋಡುತ್ತಿತ್ತು. ಒಬ್ಬ ದೋಣಿಗೆ ಯಂತ್ರ ಕೊಂಡ, ಹೊಸದಾಗಿ ಬಣ್ಣ ಬಳಿಸಿ ಪಕ್ಕದಲ್ಲಿ ಬರೆಸಿದ, ಥ್ಯಾಂಕ್ಯೂ ಟೆಕ್ಯಿವಾ, ಹೂವಿನ ಬಳ್ಳಿಯ ನಡುವೆ, ಹಳದಿಯಲ್ಲಿ, ಪ್ರತಿ ಬೆಳಿಗ್ಗೆ ನನ್ನ ಮಗಳ ಹೆಸರು ಅಲೆ ದಾಟಿ ಹೋಗುತ್ತದೆ, ಪ್ರತಿ ಮಧ್ಯಾಹ್ನ ಮೀನು ತುಂಬಿಕೊಂಡು ಬರುತ್ತದೆ, ನಾನು ಬೆನ್ನು ತಿರುಗಿಸಿ ಗೂಡಂಗಡಿಯಲ್ಲಿ ಕೂತಿರುತ್ತೇನೆ, ಆಮೇಲಿನ ವಾರಗಳಲ್ಲಿ ಸುತ್ತಿನ ಏಳು ಹಳ್ಳಿಯವರು ನನ್ನ ಗೂಡಂಗಡಿಗೇ ಬಂದರು, ಸತ್ತವಳ ತಾಯಿಯ ಕೈ ಅಂತ, ಆ ಕೈ ಬರೆದರೆ ಬರುತ್ತದೆ ಅಂತ, ಬರಲಿಲ್ಲ, ಮತ್ತೆ ಒಂದು ಸಲವೂ ಬರಲಿಲ್ಲ, ಆದರೂ ಬಂದರು, ವರ್ಷ ಮುಗಿಯುವಾಗ ನಾನು ಜಿಲ್ಲೆಗೇ ಮೊದಲನೆಯವಳು. ಅದು ಈ ಅಡ್ಡಪಟ್ಟಿ.

ಯಾರ ಮೇಲೆ ಸಿಟ್ಟು ನಿನಗೆ, ನ್ಸೊವಾ, ಪಟ್ಟಿ ಮಾಡು, ಸಾಹೇಬರ ಮೇಲೆ, ಖಾಲಿ ಡಬ್ಬಿಗೆ ನಂಬರು ಬರೆದವರ ಮೇಲೆ, ಮಂಡಿಯೂರಿ ಕೋಳಿ ಇಟ್ಟವರ ಮೇಲೆ, ಫೀಫಿಯ ಮೇಲೆ, ಆ ಶನಿವಾರ ಗೂಡಂಗಡಿ ತೆರೆದು ಕೂತವನು ಅವನೇ ಅಂತ ಇಷ್ಟು ದಿನ ನೀನೇ ಎಲ್ಲರಿಗೂ ಹೇಳಿಕೊಂಡು ಬಂದೆಯಲ್ಲ, ತಮ್ಮ ನನ್ನನ್ನು ಕೇಳದೆ ತೆರೆದ ಅಂತ. ಕೇಳಿದ. ಸ್ಮಶಾನದಲ್ಲಿ, ಪಾದ್ರಿ ಇನ್ನೂ ಓದುತ್ತಿದ್ದರು, ಹಿಂದಿನಿಂದ ಬಂದು ಕಿವಿಯ ಹತ್ತಿರ, ಅಕ್ಕಾ, ಜನ ನಿಂತಿದ್ದಾರೆ, ಮೀನಿನ ಒಲೆಗಳ ತನಕ ಸಾಲು ಇದೆ, ಕೀಲಿ. ಬೇರೇನೂ ಹೇಳಲಿಲ್ಲ, ಕೀಲಿ ಅಂದ ಅಷ್ಟೇ, ನನ್ನ ಕೈ ಸೊಂಟದ ಗಂಟಿಗೆ ಹೋಯಿತು, ಪ್ರತಿ ಶನಿವಾರ ಈ ಹೊತ್ತಿಗೆ ಅದು ಅಲ್ಲಿಗೆ ಹೋಗುತ್ತದೆ, ಗಂಟು ಬಿಚ್ಚಿತು, ಕೀಲಿ ತೆಗೆಯಿತು, ಕೊಟ್ಟಿತು, ಕಣ್ಣು ಮಾತ್ರ ಗುಂಡಿಯ ಕಡೆಗಿತ್ತು, ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಬೀಳುತ್ತಿತ್ತು, ನನ್ನ ಕೈ ಏನು ಮಾಡಿತು ಅಂತ ನನಗೆ ತಿಳಿದದ್ದು ಗುಂಡಿಯ ಆಚೆ ಬದಿಯಲ್ಲಿ ನಿಂತ ಡೋರ್ಕಾಸಳ ಮುಖ ನೋಡಿದ ಮೇಲೆ. ಅವಳು ಅಳು ನಿಲ್ಲಿಸಿದ್ದಳು. ಆಮೇಲೆ ಮನೆಯಲ್ಲಿ, ಕೋಳಿ ಮೀನು ಬಾಟಲಿಗಳ ನಡುವೆ ನಿಂತು, ಮೆಲ್ಲಗೆ ಹೇಳಿದಳು, ಅಕ್ಕನ ಮೇಲೆ ಮಣ್ಣು ಬೀಳ್ತಿತ್ತು, ನೀನು ಕೀಲಿ ಕೊಟ್ಟೆ. ಅಷ್ಟೇ. ಕೂಗಿದ್ದರೆ ನಾನೂ ಕೂಗುತ್ತಿದ್ದೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಗಂಡನ ಮನೆಗೆ ಹೋದಳು, ಎರಡು ಓಣಿ ಆಚೆ, ಹದಿನಾಲ್ಕು ತಿಂಗಳಿಂದ ನೀರಿನ ನಲ್ಲಿಯ ಹತ್ತಿರ ನಾನು ಬಂದರೆ ಬಿಂದಿಗೆ ಅರ್ಧವಾದರೂ ಎತ್ತಿಕೊಂಡು ಹೋಗುತ್ತಾಳೆ, ಬಸುರಿ ಅಂತ ಗೊತ್ತಾದದ್ದೂ ಬೇರೆಯವರ ಬಾಯಿಂದ. ಈಗ ಎಲ್ಲಿ ಕೂತಿದ್ದಾಳೆ, ಹಿಂದಿನ ಸಾಲಿನಲ್ಲಿ, ಬೇವಿನ ಮರದ ಕೆಳಗೆ ಬಸುರಿಯರಿಗೆ ಅಂತ ಕುರ್ಚಿ ಹಾಕಿದ್ದಾರೆ, ಸಾಹೇಬರು ಅವರೆಲ್ಲರ ಕಡೆ ಕೈ ಬೀಸಿ ಇವರೇ ನಮ್ಮ ನಾಳೆ ಅಂದರು, ಫೋಟೋದವನು ಅತ್ತ ತಿರುಗಿದ, ನಾನು ತಿರುಗಲಿಲ್ಲ, ತಿರುಗಿದರೆ ಅವಳು ಎದ್ದು ಹೋಗಿಬಿಡುತ್ತಾಳೆ.

ನನ್ನ ಹೆಸರು ಕರೆದರು, ಎರಡು ಸಲ, ಫೀಫಿ ಎಬ್ಬಿಸಿದ, ತಟ್ಟೆಯಲ್ಲಿ ಮಖಮಲ್ಲು, ಮಖಮಲ್ಲಿನ ಮೇಲೆ ಕತ್ತರಿ, ಹೋಗು, ಕತ್ತರಿಸದೆ ಕತ್ತರಿ ಎಸೆದು ಬರುತ್ತೀಯಾ, ರಾತ್ರಿಯಿಡೀ ಅದನ್ನೇ ಅಂದುಕೊಂಡೆ, ಎಸೆದರೆ ಏನಾಗುತ್ತದೆ, ಬೇರೆ ಯಾರೋ ಎತ್ತಿಕೊಂಡು ಕತ್ತರಿಸುತ್ತಾರೆ, ಅನ್ನ ತಿನ್ನುತ್ತಾರೆ, ವ್ಯಾನು ಹೋಗುತ್ತದೆ. ಕತ್ತರಿಸಿದೆ. ರಿಬ್ಬನ್ ಎರಡು ಕಡೆಗೂ ಬಿತ್ತು, ಚಪ್ಪಾಳೆ, ಸಾಹೇಬರು ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡರು, ಹಾಸಿಗೆಯ ಹತ್ತಿರ ಒಂದು ಫೋಟೋ, ಸಿಸ್ಟರ್ ಫೆಲಿಸಿಟಿಯ ಹತ್ತಿರ ಒಂದು, ಕೊನೆಗೆ ಮೂಲೆ, ಅಮ್ಮಾ ಅದರ ಪಕ್ಕ ನಿಲ್ಲಿ, ಇನ್ನೂ ಹತ್ತಿರ, ಕೈ ಇಡಿ ಅದರ ಮೇಲೆ, ಇಟ್ಟೆ, ಅದೇ ತಣ್ಣನೆ, ಬಿಳಿ ಕತ್ತಿನ ಮೇಲೆ, ಆಗ ಮೇಲುಬಟ್ಟೆ ಬಿಚ್ಚಿದೆ, ಸೊಂಟಕ್ಕೆ ಸುತ್ತುವ ಎರಡನೆಯ ಬಟ್ಟೆ, ಟೆಕ್ಯಿವಾಳನ್ನೂ ಡೋರ್ಕಾಸಳನ್ನೂ ಇಂಥದರಲ್ಲೇ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ನಾನು, ಬಾಗದೆ, ನೋಡದೆ ಕಟ್ಟಬಲ್ಲೆ, ಸಿಲಿಂಡರಿಗೆ ಸುತ್ತಿದೆ, ಅದರ ಪಕ್ಕದ ಹಾಸಿಗೆಯ ಕಬ್ಬಿಣದ ಕಾಲಿಗೆ ಸುತ್ತಿದೆ, ಎಳೆದೆ, ಗಂಟು ಹಾಕಿದೆ, ಇನ್ನೊಂದು ಗಂಟು, ನೆಲಕ್ಕೆ ಕೂತು ಬೆನ್ನು ಕೊಟ್ಟೆ. ಇದು ಇಲ್ಲೇ ಇರುತ್ತೆ ಅಂದೆ. ಬಾಯಿ ಒಣಗಿರಲಿಲ್ಲ. ಸಾಹೇಬರು ನಕ್ಕರು, ಬಾಗಿಲ ಹತ್ತಿರ ನಿಂತವರ ಕಡೆ ತಿರುಗಿ, ನಮ್ಮ ತಾಯಿಗೆ ಸಂತೋಷ ತಡೆಯೋಕೆ ಆಗ್ತಿಲ್ಲ, ಸ್ವಲ್ಪ ಹೊತ್ತು ಕೂತುಕೊಳ್ಳಲಿ, ಬನ್ನಿ ಊಟಕ್ಕೆ, ಜಾಲಫ್ ಅನ್ನ ಆರಿಹೋಗುತ್ತೆ. ಹೋದರು. ಬೂಟುಗಳು ಹೋದವು, ಫೋಟೋದವನು ಹೋದ, ಹೊರಗೆ ತಟ್ಟೆಗಳ ಸದ್ದು, ಕೋಳಿಯ ವಾಸನೆ, ನಾನು ಸಿಟ್ಟನ್ನು ಬಾಯಿ ತುಂಬ ಇಟ್ಟುಕೊಂಡು ಕೂತೆ, ಹಾಡುಗಾರ್ತಿಯರು ಒಂದು ಹಾಡು ಮುಗಿಸಿ ಇನ್ನೊಂದು ಎತ್ತಿದರು, ಫೀಫಿ ಕಿಟಕಿಯಲ್ಲಿ ತಲೆ ಹಾಕಿದ, ಬಾಯಲ್ಲಿ ಇನ್ನೂ ಅನ್ನ, ಅಕ್ಕಾ, ಇದೇನು ಮಾಡಿಕೊಂಡು ಕೂತಿದ್ದೀಯ, ಮರ್ಯಾದೆ ಹೋಗುತ್ತೆ, ಎದ್ದು ಬಾ, ನಾನು ತಿರುಗಲಿಲ್ಲ, ಅವನು ಅಗಿದು ನುಂಗಿದ, ದನಿ ಇಳಿಸಿದ, ಹೊರಗೆ ಕೇಳ್ತಿದ್ದಾರೆ, ಅದರ ಮೇಲೆ ಬರೆದಿರೋ ನಂಬರು ಎಷ್ಟು. ಪೊರಕೆ ಕೈಗೆ ಸಿಕ್ಕಿತು, ಎಸೆದೆ, ಕಿಟಕಿಯ ಸರಳಿಗೆ ಬಡಿದು ಬಿತ್ತು, ತಲೆ ಮಾಯವಾಯಿತು. ಆಮೇಲೆ ವ್ಯಾನಿನ ಚಾಲಕ ಬಂದ, ಬಡಕಲು ಮನುಷ್ಯ, ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದ, ಅವನ ಮೇಲೆ ಕೂಗುವುದಕ್ಕೆ ತಯಾರಾಗಿದ್ದೆ, ಅವನು ನನ್ನ ಎದುರು ಕುಕ್ಕರಗಾಲಲ್ಲಿ ಕೂತ, ಅಮ್ಮಾ, ಬಿಚ್ಚಿ ಕೊಡಿ. ಬಿಚ್ಚೋದಿಲ್ಲ. ಅಮ್ಮಾ, ನನಗೂ ಗೊತ್ತು ಇದು ಸರಿಯಿಲ್ಲ ಅಂತ, ಆದರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಕೂಸಿದೆ, ಈಗ ಹಚ್ಚಿರೋ ಸಿಲಿಂಡರ್ ಸಂಜೆ ತನಕ ಬರುತ್ತಂತೆ, ಅದರೊಳಗೆ ಇದನ್ನ ತಗೊಂಡು ಬಾ ಅಂದಿದ್ದಾರೆ. ನಾನು ಅವನ ಕಣ್ಣು ನೋಡಿದೆ, ಸುಳ್ಳು ಹುಡುಕಿದೆ, ಚೀಟಿ ಕಳೆದುಹೋಯಿತು ಅನ್ನುವವರ, ನಂಬರು ನೀನೇ ತಪ್ಪು ಒತ್ತಿದೆ ಅನ್ನುವವರ ಕಣ್ಣು ಹತ್ತೊಂಬತ್ತು ವರ್ಷ ನೋಡಿದ್ದೇನೆ, ನನಗೆ ಸುಳ್ಳು ಕಾಣುತ್ತದೆ, ಇವನಲ್ಲಿ ಕಾಣಲಿಲ್ಲ, ಕಾಣಬೇಕಾಗಿತ್ತು, ಕಂಡಿದ್ದರೆ ಎಷ್ಟು ಸುಲಭವಾಗುತ್ತಿತ್ತು, ಹೆಣ್ಣು ಕೂಸೋ ಗಂಡೋ ಅಂತ ಕೇಳಬೇಕೆನ್ನಿಸಿತು, ಕೇಳಬಾರದು, ಕೇಳಿದರೆ ಅದಕ್ಕೆ ಮುಖ ಬರುತ್ತದೆ, ಒಂದೇ ಒಂದು ತುಂಬಿದ ಸಿಲಿಂಡರನ್ನು ಎರಡು ಊರಿನ ನಡುವೆ ಓಡಾಡಿಸುತ್ತಾ ಯಾರಿಗೆ ಬಿದ್ದರೆ ಅವರಿಗೆ ಅಂತ ಬಿಟ್ಟುಬಿಟ್ಟವರು ಹೊರಗೆ ಕೋಳಿಯ ಕಾಲು ಕಡಿಯುತ್ತಿದ್ದಾರೆ, ಇಲ್ಲಿ ಈ ಬಡಕಲು ಮನುಷ್ಯನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೇವೆ. ಅವನು ಕೈ ನೀಡಿ ಬಿಳಿ ಕತ್ತನ್ನು ಹಿಡಿದ, ಎಳೆಯಲಿಲ್ಲ, ಹಿಡಿದ ಅಷ್ಟೇ, ನಾನೂ ಹಿಡಿದೆ, ಬಿಡುವುದಿಲ್ಲ, ಅಲ್ಲಿಗೆ ಇನ್ನೊಂದು ತರಿಸಿಕೊಳ್ಳಿ ಅಂತ ಹೇಳು, ಈ ಗೋಡೆಯ ಮೇಲಿನ ಅಕ್ಷರ ಕೆರೆದು ಮಾರಿ ತರಿಸಿ ಅಂತ ಹೇಳು, ಅಷ್ಟು ದೂರದಿಂದ ಹಬ್ಬದ ಹಾಗೆ ಕಾರು ಸಾಲು ಬರುತ್ತದೆ, ಒಂದು ಸಿಲಿಂಡರ್ ಬರುವುದಿಲ್ಲವೇ ಅಂತ ಕೇಳು, ನೀನೂ ಕೇಳುವುದಿಲ್ಲ, ನಿನಗೂ ಕೆಲಸ ಸಿಕ್ಕಿ ನಾಲ್ಕೇ ತಿಂಗಳೇನೋ, ಯಾರೂ ಕೇಳುವುದಿಲ್ಲ, ಎಲ್ಲರ ಬಾಯಿಯಲ್ಲೂ ಅನ್ನ.

ಬಾಗಿಲ ಬೆಳಕು ಮುಚ್ಚಿತು, ದೊಡ್ಡ ಹೊಟ್ಟೆ ಮೊದಲು ಬಂತು, ಆಮೇಲೆ ಅವಳು, ಡೋರ್ಕಾಸ್, ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ನಿಧಾನವಾಗಿ, ಹಾಸಿಗೆಯಿಂದ ಹಾಸಿಗೆಗೆ ಆತುಕೊಳ್ಳುತ್ತಾ, ನನ್ನನ್ನು ಎಬ್ಬಿಸಿಕೊಂಡು ಹೋಗಲು ಬಂದಳೋ, ಬಯ್ಯಲು ಬಂದಳೋ, ನಿನ್ನ ಅಡ್ಡಪಟ್ಟಿ ಬಿಚ್ಚು ಅನ್ನುತ್ತಾಳೋ, ಅನ್ನು, ಏನಾದರೂ ಅನ್ನು, ಚಾಲಕ ಎದ್ದು ಜಾಗ ಬಿಟ್ಟ, ಆದರೆ ಕೈ ತೆಗೆಯಲಿಲ್ಲ, ಅವಳು ಗಂಟು ನೋಡಿದಳು, ಬಣ್ಣದಡಿಯ ಹೆಸರು ನೋಡಿದಳು, ಉಗುರಿನ ಗೆರೆಗಳನ್ನು ಒಂದೊಂದಾಗಿ ನೋಡಿದಳು, ತಿಳಿಯಿತು ಅವಳಿಗೆ, ಮುಖದ ಮೇಲೆ ಏನೂ ಬದಲಾಗಲಿಲ್ಲ, ಅಲ್ಲಿ ಕೂಸು ಕಾಯ್ತಿದೆಯಂತೆ ಅಂತ ನಾನೇ ಹೇಳಿಬಿಟ್ಟೆ, ಯಾಕೆ ಹೇಳಿದೆ, ಅವಳಿಂದ ಇನ್ನೊಂದು ಮುಚ್ಚಿಟ್ಟುಕೊಳ್ಳಲಾರೆ ಅಂತಲೋ, ಅವಳು ಬಿಡು ಅಂದರೆ ಬಿಡುತ್ತೇನೆ, ಹಿಡಿ ಅಂದರೆ ಸಾಯುವ ತನಕ ಹಿಡಿಯುತ್ತೇನೆ, ಹೇಳು, ನನ್ನ ಕೈಗೆ ನಾನು ಹೇಳಿದರೆ ತಿಳಿಯುವುದಿಲ್ಲ, ನೀನು ಹೇಳು, ಅವಳು ಕೈ ಚಾಚಿದಳು, ಬಿಳಿ ಕತ್ತಿನ ಮೇಲೆ ಇಟ್ಟಳು, ಚಾಲಕನ ಕೈಗೂ ನನ್ನ ಕೈಗೂ ನಡುವೆ, ಒತ್ತಲಿಲ್ಲ, ಎಳೆಯಲಿಲ್ಲ, ಹದಿನಾಲ್ಕು ತಿಂಗಳ ಮೇಲೆ ಇಷ್ಟು ಹತ್ತಿರ ಅವಳ ಕೈ, ನೋಡಿದೆ, ಉಂಗುರ ಬೆರಳಿನಲ್ಲಿ ಇಲ್ಲ, ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿದ್ದಾಳೆ, ಯಾಕೆ, ಬೆರಳುಗಳು ಊದಿವೆ, ಚರ್ಮ ಬಿಗಿದು ಹೊಳೆಯುತ್ತಿದೆ, ಗೆಣ್ಣಿನ ಗೆರೆಗಳೇ ಇಲ್ಲ, ಉಗುರು ಮಾಂಸದ ಒಳಗೆ ಅರ್ಧ ಮುಳುಗಿದೆ, ಯಾವಾಗಿಂದ ಹೀಗೆ ಅಂದೆ, ಅವಳು ಬಾಯಿ ತೆರೆದಳು, ಅಮ್ಮಾ ಅಂದಳು, ಅಮ್ಮಾ, ಎರಡು ದಿನದಿಂದ ಕಣ್ಣ ಮುಂದೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕುಣಿಯುತ್ತೆ. ಟೆಕ್ಯಿವಾಳ ಬೆರಳೂ ಹೀಗೇ ಇತ್ತು, ಮೈ ಸೆಟೆದುಕೊಳ್ಳುವ ಮುಂಚೆ, ಬಿಸಿಲಿಗೆ ಕಣೇ ಅಂದಿದ್ದೆ ನಾನು, ಉಪ್ಪಿಗೆ ಕಣೇ, ಕೈ ಮೇಲೆತ್ತಿಕೊಂಡು ಕೂತಿರು ಇಳಿಯುತ್ತೆ, ಅವಳು ನನ್ನ ಮಾತು ಕೇಳಿ ಕೈ ಮೇಲೆತ್ತಿಕೊಂಡು ಕೂತಿದ್ದಳು, ಬಾಗಿಲಲ್ಲಿ, ಬಿಸಿಲಿಗೆ ಹಿಡಿದ ಹಾಗೆ ಹತ್ತು ಬೆರಳು, ಬಿಳಿ ಕತ್ತಿನ ಮೇಲೆ ಐದು, ಹೊಳೆಯುತ್ತಾ, ಒತ್ತಿದರೆ ಗುಳಿ ಬೀಳುತ್ತದೆ, ಒತ್ತಿದೆ, ಬಿತ್ತು, ತುಂಬಿಕೊಳ್ಳಲಿಲ್ಲ, ಫೆಲಿಸಿಟಿ ಅಂತ ಯಾರೋ ಕೂಗುತ್ತಿದ್ದಾರೆ, ನಾನೇ ಇರಬೇಕು, ಆ ಬೆರಳುಗಳು, ಗೆರೆ ಇಲ್ಲದ ಬೆರಳುಗಳು, ಬಿಳಿ ಕತ್ತಿನ ಮೇಲೆ, ಗುಳಿ ಹಾಗೇ ಇದೆ, ಬೆರಳುಗಳು